ಅಜ್ಜ, ಕಾರ್ಡು ಮಾಡೋಣ್ವಾ?

ಏಪ್ರಿಲ್ ತಿಂಗಳಲ್ಲಿ ಐದನೇ ತರಗತಿಯ ಪರೀಕ್ಷೆ ಮುಗಿಸಿಕೊಂಡು ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಮೊದಲ ನಾಲ್ಕು ದಿನ ಅಜ್ಜಿಯ ಜೊತೆ ಹಪ್ಪಳ ಒಣಗಿಸುವುದು, ಕಾಗೆ ಓಡಿಸುವುದು ಆಯಿತು. ಐದನೇ ದಿನ ಮಧ್ಯಾಹ್ನ ನಾನು ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗಿದ್ದೆ. ಅದನ್ನು ಮೆಲ್ಲಗೆ ಎತ್ತಿ, "ಅಜ್ಜ, ಅಮ್ಮನ ಬರ್ತ್‌ಡೇಗೆ ಕಾರ್ಡು ಮಾಡೋಣ್ವಾ?" ಎಂದಳು.

ಅವಳ ಅಮ್ಮ ಎಂದರೆ ನನ್ನ ಮಗಳು. ಹುಟ್ಟುಹಬ್ಬ ಇರುವುದು ಮೇ ತಿಂಗಳಲ್ಲಿ. ಅದೇ ದಿನ ಅವಳು ಮಗಳನ್ನು ಕರೆದುಕೊಂಡು ಹೋಗಲು ಶಿವಮೊಗ್ಗಕ್ಕೆ ಬರುವವಳಿದ್ದಳು.

"ಅಂಗಡಿಯಲ್ಲಿ ಚೆನ್ನಾಗಿರೋದು ಸಿಗುತ್ತಲ್ಲೇ ಪುಟ್ಟಿ" ಎಂದೆ.

"ಅದು ಬೇಡ ಅಜ್ಜ. ಅದ್ರಲ್ಲಿ ಎಲ್ಲಾ ಅವ್ರೇ ಬರ್ದುಬಿಟ್ಟಿರ್ತಾರೆ. ನಾನೇನು ಬರೀಲಿ?"

ನಿದ್ದೆ ಹೋಯಿತು, ಎದ್ದು ಕೂತೆ. ಶುಭಾಶಯದ ಕಾರ್ಡು ಎಂದ ಕೂಡಲೇ ನನಗೆ ಹಳೆಯದೊಂದು ಸಂಗತಿ ನೆನಪಾಗುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಕಾಗದದ ವಿಚಾರ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು, ನಿವೃತ್ತಿಯವರೆಗೂ ಕಾಗದದ ನಡುವೆಯೇ ಇದ್ದವನು. ಲೆಡ್ಜರು, ವೋಚರು, ಚೆಕ್ಕು, ನೋಟು. ಕಾಗದ ಎಂಥದ್ದು ಎಂದು ಬೆರಳಿಗೇ ಗೊತ್ತಾಗುತ್ತಿತ್ತು. ನೋಟಿನ ಕಾಗದವಂತೂ ಬೇರೆಯದೇ. ಮಕ್ಕಳೇ, ನಿಮ್ಮ ನೋಟ್‌ಬುಕ್ಕಿನ ಹಾಳೆ ಸಾಮಾನ್ಯವಾಗಿ ಮರದ ತಿರುಳಿನಿಂದ ಆದದ್ದು. ನಮ್ಮ ದೇಶದ ನೋಟಿನ ಕಾಗದವನ್ನು ಹತ್ತಿಯಿಂದ ಮಾಡುತ್ತಾರೆ. ಅದಕ್ಕೇ ಅಂಗಿಯ ಜೇಬಿನಲ್ಲಿ ಉಳಿದು ನೀರಲ್ಲಿ ನೆನೆದು ಬಂದರೂ ಒಣಗಿಸಿ ಬಳಸಬಹುದು. ಅಂಥ ಗಟ್ಟಿ ಕಾಗದವೂ ಹರಿಯುವುದು ಎಲ್ಲಿ ಗೊತ್ತೇ? ಕೌಂಟರಿನಲ್ಲಿ ಕೂತು ನೋಡಿದ್ದೇನೆ, ಬಹಳ ಸಲ ಮಡಿಸಿದ ಗೆರೆಯಲ್ಲೇ. ಮಡಿಸುವುದೆಂದರೆ ಕಾಗದದೊಳಗಿನ ನಾರನ್ನು ಬಗ್ಗಿಸುವುದು, ಸ್ವಲ್ಪ ಮುರಿಯುವುದು ಕೂಡ. ತಪ್ಪಾದ ಜಾಗದಲ್ಲಿ ಮಡಿಸಿದರೆ ಆ ಗೆರೆ ಮತ್ತೆ ಹೋಗುವುದಿಲ್ಲ. ಇಸ್ತ್ರಿ ಹಾಕಿದರೂ ಹೋಗುವುದಿಲ್ಲ, ನಾನು ಹಾಕಿ ನೋಡಿದವನೇ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳುವ ಹೊತ್ತಿಗೆ ಅವಳು ಚಿತ್ರ ಬರೆಯುವ ದಪ್ಪ ಹಾಳೆಯೊಂದನ್ನು ಎಲ್ಲಿಂದಲೋ ತಂದು ಎರಡಾಗಿ ಮಡಿಸಿಯೇ ಬಿಟ್ಟಿದ್ದಳು. ಮಡಿಸಿದ ಜಾಗದಲ್ಲಿ ಗರಗಸದ ಹಲ್ಲಿನ ಹಾಗೆ ಬಿರುಕು ಎದ್ದಿತ್ತು. ಮೂಲೆಗೆ ಮೂಲೆ ಕೂಡಿರಲಿಲ್ಲ. "ಅಜ್ಜ, ಇದು ಹಾಳು ಪೇಪರ್" ಎಂದು ತೀರ್ಪು ಕೊಟ್ಟಳು.

ಪೇಪರು ಹಾಳಾಗಿರಲಿಲ್ಲ. ಅವಳು ಅಡ್ಡ ದಿಕ್ಕಿಗೆ ಮಡಿಸಿದ್ದಳು, ಅಷ್ಟೇ.

ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಳೆ ಎಲೆಯೊಂದನ್ನು ಕೊಯ್ದು ಕೊಟ್ಟೆ. "ನಡುವಿನ ದಂಟಿನಿಂದ ಅಂಚಿನ ಕಡೆಗೆ ಸೀಳು" ಎಂದೆ. ಸರ್ರೆಂದು ನೇರವಾಗಿ ಸೀಳಿತು. "ಈಗ ಆ ಗೆರೆಗಳಿಗೆ ಅಡ್ಡವಾಗಿ ಸೀಳು." ಎಲೆ ಎಲ್ಲೆಲ್ಲೋ ಹರಿದು ಚಿಂದಿಯಾಯಿತು. ಯಂತ್ರದಲ್ಲಿ ತಯಾರಾದ ಕಾಗದದ ಕಥೆಯೂ ಹೀಗೇ. ನೀರಿನಲ್ಲಿ ಕಲಸಿದ ತಿರುಳು ಓಡುತ್ತಿರುವ ಜಾಲರಿಯ ಮೇಲೆ ಬೀಳುವಾಗ ಅದರೊಳಗಿನ ನಾರುಗಳಲ್ಲಿ ಹೆಚ್ಚಿನವು ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿನಲ್ಲಿ ಮಡಿಸಿದರೆ ಮಡಿಕೆ ಬೆಣ್ಣೆಯ ಹಾಗೆ. ಅಡ್ಡ ಮಡಿಸಿದರೆ ಬಿರುಕು. ಬಣ್ಣದ ದಪ್ಪ ಹಾಳೆಯಾದರೆ ಬಿರುಕಿನೊಳಗಿಂದ ಬಿಳಿ ಇಣುಕಿ ಇನ್ನೂ ಅಸಹ್ಯ.

ದಿಕ್ಕನ್ನು ಕಂಡುಹಿಡಿಯಲು ಹಾಳೆ ಹರಿಯಬೇಕಾಗಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಮಡಿಕೆ ಬೀಳದ ಹಾಗೆ, ಒಂದು ಅಂಚನ್ನು ಎತ್ತಿ ಎದುರಿನ ಅಂಚಿನ ಕಡೆಗೆ ಸುಮ್ಮನೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಅದುಮಿ. ಆಮೇಲೆ ಹಾಳೆ ತಿರುಗಿಸಿ ಇನ್ನೊಂದು ಕಡೆಯಿಂದ ಹಾಗೇ ಮಾಡಿ. ಒಂದು ಕಡೆ ಹಾಳೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆ ಸ್ಪ್ರಿಂಗಿನ ಹಾಗೆ ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಸುಲಭವಾಗಿ ಬಾಗುವ ಕಡೆಗೇ ಮಡಿಸಬೇಕು. ಹಳೆಯ ದಿನಪತ್ರಿಕೆ ಇದ್ದರೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿದು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೊಮ್ಮಗಳು ಆ ಸಂಜೆ ಹಳೆಯದರ ಜೊತೆಗೆ ಅವತ್ತಿನ ಪತ್ರಿಕೆಯನ್ನೂ ಹರಿದು ನೋಡಿದಳು. ನಾನು ಪದಬಂಧ ಇನ್ನೂ ತುಂಬಿರಲಿಲ್ಲ.

ಮಾರನೆಯ ದಿನ ಗಾಂಧಿ ಬಜಾರಿಗೆ ಹೋದೆವು. ಅಂಗಡಿಯಲ್ಲಿ ಅವಳು ಮೊದಲು ಕೈಹಾಕಿದ್ದು ಮಿಂಚುಪುಡಿ ಮೆತ್ತಿದ ಗುಲಾಬಿ ಹಾಳೆಗೆ. ನಾನು ಬೇಡ ಎನ್ನಲಿಲ್ಲ, "ಇದರ ಮೇಲೆ ಪೆನ್ನಿನಿಂದ ಬರೆದು ನೋಡು" ಎಂದೆ. ಅಂಗಡಿಯವರು ಒಂದು ತುಂಡು ಕೊಟ್ಟರು. ಶಾಯಿ ಹಿಡಿಯಲೇ ಇಲ್ಲ, ಬೆರಳಿಗೆ ಮಾತ್ರ ಮಿಂಚು. ಅವಳೇ ಅದನ್ನು ವಾಪಸ್ಸಿಟ್ಟಳು.

ಒಳ್ಳೆಯ ಕಾಗದ ಎಂದರೆ ದುಬಾರಿಯದ್ದು ಎಂದಲ್ಲ. ಬರೆದರೆ ಶಾಯಿ ಹರಡಬಾರದು, ಮಡಿಸಿದರೆ ಒಡೆಯಬಾರದು, ಮೇಜಿನ ಮೇಲೆ ನಿಲ್ಲಿಸಿದರೆ ಸೊಂಟ ಮುರಿದವರ ಹಾಗೆ ಕುಸಿಯಬಾರದು. ಅಂಗಡಿಯಲ್ಲಿ ಕಾಗದದ ಕಟ್ಟಿನ ಮೇಲೆ ಜಿಎಸ್‌ಎಂ ಎಂದು ಬರೆದಿರುತ್ತಾರಲ್ಲ, ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ ಅದು. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70ರಿಂದ 80. ಕಾರ್ಡಿಗೆ 200ರ ಆಸುಪಾಸು ಚೆನ್ನಾಗಿರುತ್ತದೆ. 300 ದಾಟಿದರೆ ಮಕ್ಕಳ ಕೈಗೆ ಮಡಿಸುವುದು ಕಷ್ಟ. ಖಾದಿ ಭಂಡಾರಗಳಲ್ಲಿ ಹತ್ತಿಬಟ್ಟೆಯ ಚೂರುಗಳಿಂದ ಕೈಯಲ್ಲೇ ತಯಾರಿಸಿದ ಕಾಗದ ಸಿಕ್ಕರೆ ಇನ್ನೂ ಸೊಗಸು. ಅದನ್ನು ಒಂದೊಂದೇ ಹಾಳೆಯಾಗಿ ಜಾಲರಿಯಲ್ಲಿ ಎತ್ತುವುದರಿಂದ ನಾರು ಎಲ್ಲ ದಿಕ್ಕಿಗೂ ಹರಡಿರುತ್ತದೆ, ಯಂತ್ರದ ಕಾಗದದಷ್ಟು ಉದ್ದ ಅಡ್ಡ ಎಂಬ ಹಟ ಅದಕ್ಕಿಲ್ಲ. ಆದರೆ ಕೆಲವದರಲ್ಲಿ ಶಾಯಿ ಹರಡುತ್ತದೆ, ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು ನೋಡಿಯೇ ಕೊಳ್ಳಬೇಕು.

ಕಾಗದ ಕೊಳ್ಳುವಾಗೆಲ್ಲ ನನಗೆ ಭದ್ರಾವತಿ ನೆನಪಾಗುತ್ತದೆ. ನಮ್ಮ ಊರಿನ ಪಕ್ಕದ್ದೇ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಇರುವುದು ಅಲ್ಲಿ. ಬಸ್ಸಿನಲ್ಲಿ ಹೋಗುವಾಗ ಆ ವಾಸನೆ ಬಂದರೆ ಭದ್ರಾವತಿ ಬಂತು ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆವು. ಈಗ ಕೆಲವು ವರ್ಷಗಳಿಂದ ಯಂತ್ರಗಳು ನಿಂತಿವೆ, ವಾಸನೆಯೂ ಇಲ್ಲ.

ಎರಡು ಕಾಫಿಯ ದುಡ್ಡಿಗೆ 200 ಜಿಎಸ್‌ಎಂನ ನಾಲ್ಕು ಕೆನೆಬಣ್ಣದ ಹಾಳೆ ತಂದೆವು. ಎ4 ಅಳತೆ, ಅಂದರೆ 210ಕ್ಕೆ 297 ಮಿಲಿಮೀಟರ್. ಈ ಅಳತೆಯಲ್ಲಿ ಒಂದು ಚಂದವಿದೆ. ಅರ್ಧ ಮಾಡಿದರೂ ಉದ್ದ ಅಗಲದ ಪ್ರಮಾಣ ಬದಲಾಗುವುದಿಲ್ಲ, ಅದರರ್ಧ ಮಾಡಿದರೂ ಇಲ್ಲ. ಅಳೆದು ಭಾಗಿಸಿ ನೋಡಿ, ಎಲ್ಲದಕ್ಕೂ ಹತ್ತಿರಹತ್ತಿರ 1.41 ಬರುತ್ತದೆ. ಹದಿನಾರು ಎ4 ಸೇರಿದರೆ ಒಂದು ಚದರ ಮೀಟರ್. ಹಾಗಾದರೆ 200 ಜಿಎಸ್‌ಎಂನ ಒಂದು ಎ4 ಹಾಳೆಯ ತೂಕ ಎಷ್ಟು? ಮೊಮ್ಮಗಳು ಬೆರಳು ಮಡಿಸಿ, ಪೆನ್ಸಿಲ್ ಕಚ್ಚಿ, ಹನ್ನೆರಡೂವರೆ ಗ್ರಾಂ ಎಂದು ಸರಿಯಾಗಿ ಹೇಳಿದಳು. ಈ ಲೆಕ್ಕ ಸುಮ್ಮನೆ ಅಲ್ಲ. ಸಾದಾ ಅಂಚೆಯ ದರ 20 ಗ್ರಾಂನ ಲೆಕ್ಕದಲ್ಲಿರುತ್ತದೆ. ಅರ್ಧ ಹಾಳೆಯ ಕಾರ್ಡು ಆರೂಕಾಲು ಗ್ರಾಂ, ಜೆರಾಕ್ಸ್ ಹಾಳೆಯ ಲಕೋಟೆ ಹೆಚ್ಚೆಂದರೆ ಐದು ಗ್ರಾಂ. ಧಾರಾಳವಾಗಿ ಹೋಗುತ್ತದೆ.

ನಮ್ಮ ಹಾಳೆಗಳಲ್ಲಿ ನಾರು ಉದ್ದುದ್ದಕ್ಕೆ ಇತ್ತು. ಎ4 ಹಾಳೆಗಳಲ್ಲಿ ಬಹುಮಟ್ಟಿಗೆ ಹಾಗೇ. ಇಡೀ ಹಾಳೆಯನ್ನು ಎರಡಾಗಿ ಮಡಿಸಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ, ಮೊದಲ ದಿನ ಆದದ್ದು ಅದೇ. ಹಾಳೆಯನ್ನು ಮೊದಲು ಅಡ್ಡಕ್ಕೆ ಕತ್ತರಿಸಿ ಎರಡು ತುಂಡು ಮಾಡಿ, ಒಂದೊಂದು ತುಂಡನ್ನು ಮಡಿಸಿದರೆ ಮಡಿಕೆ ನಾರಿನ ದಿಕ್ಕಿಗೇ ಬರುತ್ತದೆ. ಕಾರ್ಡು ಚಿಕ್ಕದಾಯಿತು ಎಂದು ಮೊಮ್ಮಗಳ ಮುಖವೂ ಚಿಕ್ಕದಾಯಿತು. ಆದರೆ ಮಡಿಕೆ ನೋಡಿದ ಮೇಲೆ ಸುಮ್ಮನಾದಳು.

ಮಡಿಸುವ ಕೆಲಸಕ್ಕೆ ಬುಕ್ ಬೈಂಡಿಂಗ್ ಮಾಡುವವರು ಮೂಳೆಯಿಂದ ಮಾಡಿದ ಚಪ್ಪಟೆ ಪಟ್ಟಿ ಬಳಸುತ್ತಾರೆ. ನಮಗೆ ಸ್ಟೀಲಿನ ಸ್ಕೇಲು, ಶಾಯಿ ಮುಗಿದ ಬಾಲ್‌ಪೆನ್ನು, ಅಡುಗೆಮನೆಯ ಒಂದು ಚಮಚ ಸಾಕು. ಹಾಳೆಯ ಕೆಳಗೆ ಹಳೆಯ ವಾರಪತ್ರಿಕೆಯೊಂದನ್ನು ಇಡಿ (ಈ ಸಂಚಿಕೆಯನ್ನಲ್ಲ!). ಎರಡು ತುದಿಯಲ್ಲೂ ನಡುಭಾಗವನ್ನು ಅಳೆದು ಪೆನ್ಸಿಲಿನಿಂದ ಸಣ್ಣ ಚುಕ್ಕೆ ಹಾಕಿ. 210 ಮಿಲಿಮೀಟರಿಗೆ ನಡುಭಾಗ 105. ಸ್ಕೇಲನ್ನು ಚುಕ್ಕೆಗಳಿಗೆ ಸೇರಿಸಿ, ಖಾಲಿ ಪೆನ್ನಿನ ಮೊನೆಯಿಂದ ಒಂದೇ ಸಮನಾಗಿ ಎರಡು ಸಲ ಗೀರಿ. ಹಾಳೆ ಕುಯ್ಯಬಾರದು, ತಗ್ಗು ಬೀಳಬೇಕು ಅಷ್ಟೇ.

ಈಗ ಯಾವ ಕಡೆಗೆ ಮಡಿಸಬೇಕು? ತಗ್ಗಿನೊಳಕ್ಕೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಬ್ಯಾಂಕಿನ ಲೆಡ್ಜರು ಕಟ್ಟಲು ಬರುತ್ತಿದ್ದ ಬೈಂಡರ್ ಒಬ್ಬರು ನೋಡಿ ನಕ್ಕು, ಉಲ್ಟಾ ಎಂದು ತೋರಿಸಿಕೊಟ್ಟಿದ್ದರು. ಗೀರಿದ ತಗ್ಗು ಹೊರಗೆ ಬರಬೇಕು, ಅದರ ಹಿಂಬದಿಯ ಉಬ್ಬು ಕಾರ್ಡಿನ ಒಳಗೆ ಸೇರಬೇಕು. ಆಗ ಹೊರಮೈ ಎಳೆದು ಹಿಗ್ಗುವುದು ಕಡಿಮೆ, ಒಡೆಯುವುದೂ ಕಡಿಮೆ. ಮಡಿಸುವಾಗ ಮೊದಲು ಮೂಲೆಗೆ ಮೂಲೆ ಕೂಡಿಸಿ ಎಡಗೈಯಿಂದ ಹಿಡಿದುಕೊಳ್ಳಿ. ಮಡಿಕೆಯ ನಡುವಿನಿಂದ ಎರಡೂ ತುದಿಗೆ ಬೆರಳು ಎಳೆಯಿರಿ. ಆಮೇಲೆ ಮಡಿಕೆಯ ಮೇಲೆ ತೆಳು ಕಾಗದದ ತುಂಡೊಂದನ್ನು ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ. ತೆಳು ಕಾಗದ ಇಡದಿದ್ದರೆ ಉಜ್ಜಿದ ಕಡೆ ಹೊಳಪು ಬಂದು ಬೇರೆಯಾಗಿ ಕಾಣುತ್ತದೆ. ಚಮಚ ಎಲ್ಲಿ ಎಂದು ಮನೆಯಾಕೆ ಸಂಜೆಯವರೆಗೂ ಹುಡುಕಿದಳು.

ದಪ್ಪ ಹಾಳೆ ಇಲ್ಲದವರು ಜೆರಾಕ್ಸ್ ಹಾಳೆಯನ್ನೇ ನಾಲ್ಕು ಮಡಿಕೆ ಮಾಡಬಹುದು. ಆದರೆ ಎಚ್ಚರ, ಮಡಿಸುವ ಮುಂಚೆ ಚಿತ್ರ ಬರೆದರೆ ಮುಖಪುಟದ್ದು ಒಂದು ದಿಕ್ಕು, ಒಳಪುಟದ್ದು ತಲೆಕೆಳಗು. ಮೊಮ್ಮಗಳು ಅಭ್ಯಾಸಕ್ಕೆ ಮಾಡಿದ ಕಾರ್ಡಿನಲ್ಲಿ ಹೂವಿನ ಕುಂಡ ಆಕಾಶದಲ್ಲಿ ನೇತಾಡುತ್ತಿತ್ತು. ಮೊದಲು ಮಡಿಸಿ, ಪುಟಗಳಿಗೆ ಪೆನ್ಸಿಲಿನಲ್ಲಿ ಒಂದು ಎರಡು ಎಂದು ಗುರುತು ಹಾಕಿ, ಆಮೇಲೆ ಬಿಡಿಸಿ ಬರೆಯಿರಿ. ಕನ್ನಡದ ಕಾರ್ಡಿಗೆ ಮಡಿಕೆ ಎಡಗಡೆ ಇರಬೇಕು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಈದ್‌ಗೆ ಉರ್ದುವಿನಲ್ಲಿ ಕಾರ್ಡು ಬರೆಯುತ್ತಿದ್ದರು, ಅದರ ಮಡಿಕೆ ಬಲಗಡೆ. ಮೊದಲ ಸಲ ನಾನು ಅದನ್ನು ಹಿಂದಿನಿಂದ ತೆರೆದು ಪೆಚ್ಚಾಗಿದ್ದೆ.

ಚಿತ್ರ ಅಂಟಿಸುವುದಾದರೆ ನೀರಾದ ಅಂಟು ಬೇಡ, ಕಾಗದ ಸುಕ್ಕಾಗುತ್ತದೆ. ಗ್ಲೂ ಸ್ಟಿಕ್ ಒಳ್ಳೆಯದು. ಅಂಟಿಸಿದ ಮೇಲೆ ದಪ್ಪ ಪುಸ್ತಕದಡಿ ಒಂದು ರಾತ್ರಿ ಇಡಿ.

ಕಾರ್ಡು ಪುಸ್ತಕದಡಿ ಇದ್ದ ರಾತ್ರಿ, "ಅಜ್ಜ, ಮೊದಲು ಕಾರ್ಡು ಮಾಡಿದ್ದು ಯಾರು?" ಎಂದು ಕೇಳಿದಳು. ಅಚ್ಚು ಹಾಕಿದ ಕ್ರಿಸ್‌ಮಸ್ ಕಾರ್ಡಿನ ಕಥೆ ಗೊತ್ತಿತ್ತು, ಹೇಳಿದೆ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ಪತ್ರ ಕಳಿಸುವ ವ್ಯವಸ್ಥೆ ಬಂತು. ಎಲ್ಲರೂ ಪತ್ರ ಬರೆಯತೊಡಗಿದರು. ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿಗೆ ಅಷ್ಟೊಂದು ಜನರಿಗೆ ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. 1843ರಲ್ಲಿ ಜಾನ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಚಿತ್ರ ಬರೆಸಿ, ಸುಮಾರು ಸಾವಿರ ಕಾರ್ಡು ಅಚ್ಚು ಹಾಕಿಸಿದರು. ಉಳಿದವನ್ನು ಒಂದೊಂದು ಶಿಲ್ಲಿಂಗಿಗೆ ಮಾರಾಟಕ್ಕಿಟ್ಟರು.

"ಅಂದ್ರೆ ಬರೆಯೋಕೆ ಸೋಮಾರಿತನ ಅಂತ ಕಾರ್ಡು ಮಾಡಿದ್ದಾ?"

ಹಾಗೂ ಹೇಳಬಹುದು. ನಮ್ಮ ಕಡೆ ಸಂಕ್ರಾಂತಿ ಕಾರ್ಡುಗಳ ಕಾಲವೂ ಒಂದಿತ್ತು. ಜನವರಿ ಬಂದರೆ ಪೆಟ್ಟಿಗೆ ಅಂಗಡಿಯ ಮುಂದೆ ದಾರದಲ್ಲಿ ಕಾರ್ಡು ನೇತುಹಾಕುತ್ತಿದ್ದರು, ಕಬ್ಬಿನ ಜಲ್ಲೆಯದು, ಸಿನಿಮಾ ನಟರದು, ಕ್ರಿಕೆಟ್ ಆಟಗಾರರದು. ಮಕ್ಕಳು ಎಳ್ಳು ಬೆಲ್ಲದ ಜೊತೆ ಶಾಲೆಯಲ್ಲಿ ಹಂಚಿಕೊಳ್ಳುತ್ತಿದ್ದರು. ಈಗ ಬೆಳಗಾಗೆದ್ದರೆ ಮೊಬೈಲಿನಲ್ಲಿ ನಲವತ್ತು ಶುಭಾಶಯ. ಒಂದನ್ನೂ ಮಡಿಸಿ ಇಟ್ಟುಕೊಳ್ಳಲು ಬರುವುದಿಲ್ಲ.

ಈಗ ಆ ಹಳೆಯ ಸಂಗತಿ.

ನನ್ನ ಮಗಳಿಗೆ ಆಗ ಎಂಟು ವರ್ಷ. ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನಗಳು. ಐದು ಪೈಸೆ ತಾಳೆಯಾಗದಿದ್ದರೂ ರಾತ್ರಿ ಒಂಬತ್ತಾದರೂ ಕೂರಬೇಕು. ಅವತ್ತು ನನ್ನ ಹುಟ್ಟುಹಬ್ಬ, ನನಗೇ ನೆನಪಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ, ನಿದ್ದೆಗೆಟ್ಟು ಕಾದಿದ್ದ ಮಗಳು ಒಂದು ಕಾರ್ಡು ಕೊಟ್ಟಳು. ನೋಟ್‌ಬುಕ್ಕಿನ ಗೆರೆ ಹಾಳೆ, ಸೊಟ್ಟ ಮಡಿಕೆ, ಮೇಲೆ ಬ್ಯಾಂಕಿನ ಚಿತ್ರ, ಬ್ಯಾಂಕಿನ ಬಾಗಿಲಲ್ಲಿ ಕನ್ನಡಕ ಹಾಕಿದ ನಾನು. ಒಳಗೆ "ಅಪ್ಪನಿಗೆ ಹುಟ್ಟುಹಬ್ಬದ ಶುಭಾಷಯ" ಎಂದಿತ್ತು.

ಶುಭ ಮತ್ತು ಆಶಯ ಸೇರಿ ಶುಭಾಶಯ. ಭಾಷೆಯ ಷ ಅಲ್ಲಿ ಬರುವುದಿಲ್ಲ. ದೊಡ್ಡ ದೊಡ್ಡ ಬ್ಯಾನರುಗಳಲ್ಲೂ ಈ ತಪ್ಪು ಕಾಣುತ್ತದೆ. ನಾನು ದಿನವಿಡೀ ತಪ್ಪು ಹುಡುಕಿ ಬಂದವನು. ಲೆಡ್ಜರಿನಲ್ಲಿ ರಬ್ಬರು ಹಾಕುವಂತಿಲ್ಲ. ತಪ್ಪಾದದ್ದಕ್ಕೆ ಗೀಟು ಹೊಡೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಜೇಬಿನಲ್ಲಿ ಕೆಂಪು ಪೆನ್ನಿತ್ತು. ಷ ಅಕ್ಷರಕ್ಕೆ ಗೀಟು ಹೊಡೆದೆ, ಮೇಲೆ ಶ ಬರೆದೆ, ಪಕ್ಕದಲ್ಲಿ ಸಹಿಯನ್ನೂ ಹಾಕಿದೆ. "ಚೆನ್ನಾಗಿದೆ, ಕಾಗುಣಿತ ನೋಡ್ಕೋ" ಎಂದು ಕೊಟ್ಟೆ.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅವತ್ತೇ ತಿಳಿಯುತ್ತಿತ್ತೋ ಏನೋ. ಕಾರ್ಡನ್ನು ಮಡಿಸಿಕೊಂಡು ಒಳಗೆ ಹೋದಳು. ಆಮೇಲೆ ಅವಳು ಅಮ್ಮನಿಗೆ, ಗೆಳತಿಯರಿಗೆ, ಮೇಷ್ಟರಿಗೆ ಎಷ್ಟೋ ಕಾರ್ಡು ಮಾಡಿದಳು. ನನಗೆ ಮಾಡಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದೂ ಅವಳ ಮದುವೆಯಾದ ಮೇಲೆ, ಮನೆಯಾಕೆ ಒಮ್ಮೆ ಮಾತಿನ ನಡುವೆ, "ರೀ, ನೀವು ಅವತ್ತು ಸೈನ್ ಹಾಕ್ಬಾರ್ದಿತ್ತು" ಎಂದಾಗ. ಯಾವತ್ತು ಎಂದು ಕೇಳಬೇಕಾಗಲಿಲ್ಲ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಜೊತೆ ಕಾರ್ಡು ಮಾಡಲು ಕೂತರೆ ಅಳೆಯುವುದನ್ನು ಕಲಿಸಿ, ಮಡಿಸುವುದನ್ನು ಕಲಿಸಿ, ಕತ್ತರಿ ನಿಮ್ಮ ಕೈಯಲ್ಲಿರಲಿ. ಬರೆಯುವ ಹೊತ್ತಿಗೆ ಎದ್ದು ಹೋಗಿ ಕಾಫಿ ಕುಡಿಯಿರಿ. ನಾನು ಹಾಗೇ ಮಾಡಿದೆ. ಮೊಮ್ಮಗಳು ಕಾರ್ಡಿನ ಮುಖಕ್ಕೆ ಹಿತ್ತಲಿನ ಬಾಳೆಗಿಡದ ಚಿತ್ರ ಬರೆದಿದ್ದಳು. ಅರ್ಧ ಗಂಟೆಯ ನಂತರ ಕರೆದು ಒಳಪುಟ ತೋರಿಸಿದಳು. ದುಂಡಗಿನ ಅಕ್ಷರ, ನೀಲಿ ಶಾಯಿ, ಒಂದಿಷ್ಟೂ ಹರಡಿರಲಿಲ್ಲ. "ಅಮ್ಮನಿಗೆ ಹುಟ್ಟುಹಬ್ಬದ ಶುಭಾಷಯ. ಈ ಕಾರ್ಡನ್ನು ನಾನೇ ಮಡಿಸಿದ್ದು."

ಅದೇ ಅಕ್ಷರ, ಅದೇ ಜಾಗ. ನನ್ನ ಕೈ ಜೇಬಿನ ಕಡೆ ಹೋಯಿತು. ನಿವೃತ್ತನಾಗಿ ಇಷ್ಟು ವರ್ಷವಾದರೂ ಜೇಬಿನಲ್ಲಿ ಪೆನ್ನು ಇದ್ದೇ ಇರುತ್ತದೆ. ಆ ಪದವನ್ನು ಬೇರೆ ದಿನ, ಬೇರೆ ಹಾಳೆಯಲ್ಲಿ ಹೇಳಿಕೊಟ್ಟರಾಯಿತು ಎಂದುಕೊಂಡು, "ಮಡಿಕೆ ಬಹಳ ನೇರ ಬಂದಿದೆ ಪುಟ್ಟಿ" ಎಂದೆ. ಬಂದೂ ಇತ್ತು.

ಮಗಳು ಬೆಳಗಿನ ರೈಲಿಗೆ ಬಂದಳು. ತಿಂಡಿ ತಿಂದು, ಸ್ನಾನ ಮಾಡಿ ಬಂದ ಮೇಲೆ ಮೊಮ್ಮಗಳು ಲಕೋಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೋಗಿ ಕೊಟ್ಟಳು. ಮಗಳು ಕಾರ್ಡು ತೆಗೆದು, ಮೊದಲು ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ತೆರೆದಳು. ಓದಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಮಗಳ ತಲೆ ನೇವರಿಸಿ, ಅವಳು ಅಜ್ಜಿಗೆ ಹೇಳಲು ಒಳಗೆ ಓಡಿದ ಮೇಲೆ ನನ್ನ ಕಡೆ ತಿರುಗಿದಳು.

"ಅಪ್ಪ, ನೀವು ಇದನ್ನ ನೋಡಿದ್ರಾ?"

"ನೋಡಿದೆ."

"ಸೈನ್ ಹಾಕಿಲ್ವಲ್ಲ?"

"ಇಲ್ಲ" ಎಂದೆ.

ಅವಳು ಕಾರ್ಡನ್ನು ಲಕೋಟೆಯೊಳಗೆ ಹಾಕಿ, ಮೂಲೆ ಮುರಿಯದ ಹಾಗೆ ಎರಡು ಪುಸ್ತಕಗಳ ನಡುವೆ ಸೇರಿಸಿ ಬ್ಯಾಗಿನಲ್ಲಿಟ್ಟಳು. ಆಮೇಲೆ ಮೇಜಿನ ಮೇಲೆ ಉಳಿದಿದ್ದ ಕೆನೆಬಣ್ಣದ ಎರಡು ಹಾಳೆಗಳನ್ನು ಕೈಗೆತ್ತಿಕೊಂಡು, ಬಾಗಿಸಿ ನೋಡುತ್ತಾ, "ಇದನ್ನ ನಾನು ತಗೊಂಡು ಹೋಗ್ಲಾ ಅಪ್ಪ?" ಎಂದು ಕೇಳಿದಳು.